ಕಡಲಪಾಚಿ: ಕುಂಡಕ್ಕೆ ಹಾಕಬಹುದು, ಬಾಯಿಗೆ ಹಾಕುವ ಮುಂಚೆ ಇದನ್ನು ಓದಿ

ಓದುಗರ ಪ್ರಶ್ನೆ – ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಡಲಪಾಚಿಯ ಬಗ್ಗೆಯೇ ಇವೆ. ಸಮುದ್ರ ನೋಡಬೇಕೆಂದರೆ ರಾತ್ರಿಯಿಡೀ ಬಸ್ಸಿನಲ್ಲಿ ಕೂರಬೇಕಾದ ನಮ್ಮ ಕಲಬುರಗಿ, ಬೀದರ್, ಯಾದಗಿರಿಯೊಳಗೂ ಅದು ಬಂದು ಮುಟ್ಟಿದೆ. ಔಷಧದ ಅಂಗಡಿಯಲ್ಲಿ ಕ್ಯಾಪ್ಸೂಲು, ಮೊಬೈಲಿನಲ್ಲಿ ತರಿಸಿಕೊಳ್ಳುವ ಜೆಲ್ಲು, ಗೊಬ್ಬರದ ಅಂಗಡಿಯಲ್ಲಿ ಕಪ್ಪು ದ್ರವ, ಹೀಗೆ ರೂಪ ಬೇರೆ ಬೇರೆ. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದವಳು, ಡಾಕ್ಟರ್ ಅಲ್ಲ. ಆದರೆ ನಾನೂ ದಿನಾ ಬೆಳಿಗ್ಗೆ ಥೈರಾಯ್ಡ್ ಮಾತ್ರೆ ನುಂಗುತ್ತೇನೆ, ನಮ್ಮ ಮಾಳಿಗೆಯ ಮೇಲೂ ಕುಂಡಗಳ ಸಾಲಿದೆ. ಹಾಗಾಗಿ ಈ ಪತ್ರಗಳನ್ನು ಬೇರೆಯವರ ಮನೆಯ ವಿಷಯ ಎಂದು ಓದಲಿಲ್ಲ. ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ, ಹೆಸರು ಬಿಟ್ಟಿದ್ದೇನೆ.

ಶಾಲೆಯ ಶಿಕ್ಷಕಿ, ಕಲಬುರಗಿ: ಮೇಡಂ, ನನಗೆ 38 ವರ್ಷ. ಥೈರಾಯ್ಡ್ ಕಡಿಮೆ ಇದೆ ಅಂತ 50ರ ಮಾತ್ರೆ ನಡೆದಿದೆ. ಪುಣೆಯಿಂದ ಬಂದ ನಾದಿನಿ ‘ಕೆಲ್ಪ್’ ಅನ್ನೋ ಕಡಲಪಾಚಿ ಕ್ಯಾಪ್ಸೂಲಿನ ಡಬ್ಬಿ ಕೊಟ್ಟಳು. ಇದರಾಗ ನೈಸರ್ಗಿಕ ಅಯೋಡಿನ್ ಅದ, ಮುಂದ ಮಾತ್ರೆನೇ ಬಿಡಬಹುದು ಅಂದಳು. ಮಾತ್ರೆ ಜೊತೆ ಇದನ್ನೂ ದಿನಕ್ಕೊಂದು ತಗೊಂಡೆ. ಮೂರು ವಾರ ಆಯಿತು. ಈಗ ಸುಮ್ಮನೆ ಕೂತರೂ ಎದೆ ಡಬಡಬ ಅಂತದ, ರಾತ್ರಿ ನಿದ್ದಿ ಇಲ್ಲ. ಮುಂದುವರಿಸಲೇನು? ಬಿಡೋದಾದರೆ ಉಳಿದದ್ದನ್ನು ಕರಿಬೇವಿನ ಗಿಡಕ್ಕೆ ಹಾಕಲೇನು?

ತಂಗಿ, ಕ್ಯಾಪ್ಸೂಲು ಇವತ್ತೇ ನಿಲ್ಲಿಸಿ. ಡಾಕ್ಟರ್ ಬರೆದುಕೊಟ್ಟ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಹೆಚ್ಚು ಕಡಿಮೆಯೂ ಮಾಡಬೇಡಿ. ಪತ್ರಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ಎದೆ ಇನ್ನೂ ಹಾಗೇ ಹೊಡೆದುಕೊಳ್ಳುತ್ತಿದ್ದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ. ಹೋಗುವಾಗ ಆ ಡಬ್ಬಿ ಕೈಯಲ್ಲಿರಲಿ. ‘ಅದು ಬರೀ ಸೊಪ್ಪಿನ ಪುಡಿ, ಔಷಧ ಅಲ್ಲ’ ಎಂದು ಬಹಳ ಜನ ಡಾಕ್ಟರಿಗೆ ಹೇಳುವುದೇ ಇಲ್ಲ. ಹೇಳದೆ ಹೋದರೆ ಅವರು ನಿಮ್ಮ ರಕ್ತದ ವರದಿ ನೋಡಿ ಮಾತ್ರೆಯ ಪ್ರಮಾಣ ಬದಲಿಸುತ್ತಾರೆ. ನಿಜವಾದ ಕಾರಣ ನಿಮ್ಮ ಕಪಾಟಿನಲ್ಲೇ ಉಳಿಯುತ್ತದೆ.

ಈಗ ಏಕೆ ಎನ್ನುವುದನ್ನು ಹೇಳುತ್ತೇನೆ, ಯಾಕೆಂದರೆ ನಾದಿನಿ ಮತ್ತೆ ಕೇಳುತ್ತಾರೆ. ದೊಡ್ಡವರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೊಗ್ರಾಂ. ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಪಾಲಿಗೆ ಮೈಕ್ರೊಗ್ರಾಂ ಎನ್ನುತ್ತಾರೆ. ಲೆಕ್ಕ ಹಾಕಿ ನೋಡಿ: 70 ವರ್ಷ ಬಾಳುವ ಮನುಷ್ಯನಿಗೆ ಹುಟ್ಟಿನಿಂದ ಕೊನೆಯ ತನಕ ಬೇಕಾಗುವ ಅಯೋಡಿನ್ ಎಲ್ಲ ಸೇರಿ ನಾಲ್ಕು ಗ್ರಾಂ ಮುಟ್ಟುವುದಿಲ್ಲ. ಒಂದು ಚಹಾ ಚಮಚೆಯೂ ತುಂಬುವುದಿಲ್ಲ. ಇಷ್ಟು ಸಣ್ಣ ಪ್ರಮಾಣದಲ್ಲಿ ಕೆಲಸ ಮಾಡುವ ವಸ್ತುವನ್ನು ಅಳತೆಯಿಲ್ಲದೆ ನುಂಗುವುದೇ ಇಲ್ಲಿರುವ ಅಪಾಯ.

ಕಡಲಪಾಚಿಯಲ್ಲಿ ಅಯೋಡಿನ್ ಇರುವುದು ನಿಜ. ಎಷ್ಟಿದೆ ಎನ್ನುವುದಕ್ಕೆ ಮಾತ್ರ ಹಿಡಿತವಿಲ್ಲ. ಅಂಗಡಿಯಲ್ಲಿ ಸಿಗುವ, ತಿನ್ನುವ ಕಡಲಪಾಚಿಗಳನ್ನು ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಒಂದು ಗ್ರಾಮಿಗೆ 16 ಮೈಕ್ರೊಗ್ರಾಂನಿಂದ ಹಿಡಿದು 8,000 ಮೈಕ್ರೊಗ್ರಾಂ ದಾಟುವವರೆಗೆ ಅಯೋಡಿನ್ ಸಿಕ್ಕಿತು. ಕಡಿಮೆ ಇದ್ದದ್ದು ‘ನೋರಿ’ ಎಂಬ ತೆಳು ಹಾಳೆಯಂಥ ಪಾಚಿ. ಎಲ್ಲಕ್ಕಿಂತ ಹೆಚ್ಚು ಇದ್ದದ್ದು ಇದೇ ಕೆಲ್ಪ್ ಜಾತಿಯ ಪಾಚಿಯಿಂದ ಮಾಡಿದ ಹರಳಿನಲ್ಲಿ. ಜಾತಿ ಬದಲಾದರೆ, ಬೆಳೆದ ಕಡಲು ಬದಲಾದರೆ, ಕೊಯ್ದ ಕಾಲ ಬದಲಾದರೆ, ಒಣಗಿಸಿದ ರೀತಿ ಬದಲಾದರೆ ಲೆಕ್ಕವೂ ಬದಲಾಗುತ್ತದೆ. ನಿಮ್ಮ ಡಬ್ಬಿಯ ಮೇಲೆ ‘ಕೆಲ್ಪ್ ಪುಡಿ 500 ಮಿಲಿಗ್ರಾಂ’ ಎಂದಷ್ಟೇ ಬರೆದಿದೆ ಎಂದು ತಿಳಿಸಿದ್ದೀರಿ. ಅದು ಪುಡಿಯ ತೂಕ, ಅಯೋಡಿನ್ನಿನ ತೂಕವಲ್ಲ. ಗ್ರಾಮಿಗೆ 2,000 ಇರುವ ಕೆಲ್ಪ್ ಆದರೆ ಒಂದೇ ಕ್ಯಾಪ್ಸೂಲಿನಲ್ಲಿ 1,000 ಮೈಕ್ರೊಗ್ರಾಂ ಹೊಟ್ಟೆಗೆ ಹೋಯಿತು. ದಿನಕ್ಕೆ 500 ಮೈಕ್ರೊಗ್ರಾಂಗಿಂತ ಹೆಚ್ಚು ಅಯೋಡಿನ್ ಇರುವ ಪೂರಕಗಳನ್ನು, ಕೆಲ್ಪ್ ಸೇರಿದಂತೆ, ತೆಗೆದುಕೊಳ್ಳಬೇಡಿ ಎಂದು ಅಮೆರಿಕದ ಥೈರಾಯ್ಡ್ ತಜ್ಞರ ಸಂಘ 2013ರಲ್ಲೇ ಎಚ್ಚರಿಸಿದೆ.

ಅಯೋಡಿನ್ ಹೆಚ್ಚಾದರೆ ಹಾರ್ಮೋನೂ ಹೆಚ್ಚಾಗಿ ಕಾಯಿಲೆ ಹೋಗುತ್ತದೆ ಎಂದು ನಾದಿನಿ ತಿಳಿದಿದ್ದಾರೆ. ಥೈರಾಯ್ಡ್ ಗ್ರಂಥಿ ಅಯೋಡಿನ್ ಬಳಸಿಯೇ ತನ್ನ ಹಾರ್ಮೋನ್ ಮಾಡುತ್ತದೆ ನಿಜ, ಆದರೆ ಅದು ನಡೆದುಕೊಳ್ಳುವ ರೀತಿ ಹಾಗಿಲ್ಲ. ಒಮ್ಮೆಲೇ ಅಯೋಡಿನ್ ತುಂಬಿ ಬಂದರೆ ಅದು ಹಾರ್ಮೋನ್ ತಯಾರಿಕೆಯನ್ನೇ ನಿಲ್ಲಿಸಿಬಿಡುತ್ತದೆ. ವುಲ್ಫ್ ಮತ್ತು ಚೈಕಾಫ್ ಎಂಬ ವಿಜ್ಞಾನಿಗಳು 1948ರಲ್ಲೇ ಇದನ್ನು ತೋರಿಸಿದರು. ಆರೋಗ್ಯವಾಗಿರುವ ಗ್ರಂಥಿ ಕೆಲವು ದಿನಗಳಲ್ಲಿ ಮತ್ತೆ ಸರಿದಾರಿಗೆ ಬರುತ್ತದೆ. ಮೊದಲೇ ಸೊರಗಿದ ಗ್ರಂಥಿ ಬರುವುದಿಲ್ಲ, ಇನ್ನಷ್ಟು ಕುಸಿಯುತ್ತದೆ. ಗಂಟು ಇರುವ ಗ್ರಂಥಿಯಾದರೆ ತದ್ವಿರುದ್ಧ: ಸಿಕ್ಕ ಅಯೋಡಿನ್ನನ್ನೆಲ್ಲ ಹಾರ್ಮೋನ್ ಮಾಡಿ ರಕ್ತಕ್ಕೆ ಬಿಡುತ್ತದೆ. ಆಗ ಎದೆ ಬಡಿತ, ಕೈ ನಡುಕ, ನಿದ್ದೆಗೇಡು, ತೂಕ ಇಳಿಯುವುದು. ನಿಮಗಾಗಿರುವುದು ಯಾವುದು ಎನ್ನುವುದನ್ನು ರಕ್ತ ಪರೀಕ್ಷೆಯೇ ಹೇಳಬೇಕು. ಈಗ ಒಮ್ಮೆ, ಕ್ಯಾಪ್ಸೂಲು ಬಿಟ್ಟು ಆರೆಂಟು ವಾರಗಳಾದ ಮೇಲೆ ಮತ್ತೊಮ್ಮೆ ಟಿಎಸ್ಎಚ್ ಎಂಬ ಥೈರಾಯ್ಡಿನ ರಕ್ತ ಪರೀಕ್ಷೆ ಮಾಡಿಸಬೇಕೇ ಎಂದು ಡಾಕ್ಟರನ್ನು ಕೇಳಿ.

ಇನ್ನೊಂದು ಮಾತು. ಅಯೋಡಿನ್ ಸೇರಿಸಿದ ಉಪ್ಪು ಉಣ್ಣುವ ಮನೆಗಳಲ್ಲಿ ಥೈರಾಯ್ಡ್ ಸೊರಗುವುದಕ್ಕೆ ಬಹುತೇಕ ಕಾರಣ ಅಯೋಡಿನ್ ಕೊರತೆಯಲ್ಲ, ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯ ಮೇಲೆ ತಿರುಗಿ ಬೀಳುವುದು. ಅದಕ್ಕೆ ಅಯೋಡಿನ್ ಮದ್ದಲ್ಲ. ಮನೆಗೆ ಬರುವ ಉಪ್ಪಿನಲ್ಲಿ ಗ್ರಾಮಿಗೆ ಕನಿಷ್ಠ 15 ಮೈಕ್ರೊಗ್ರಾಂ ಅಯೋಡಿನ್ ಇರಲೇಬೇಕೆಂದು ನಿಯಮವಿದೆ. ಸಾರು, ಪಲ್ಯ, ರೊಟ್ಟಿ ಹಿಟ್ಟು ಎಲ್ಲ ಸೇರಿ ನಮ್ಮ ಕಡೆ ಊಟದಲ್ಲಿ ಉಪ್ಪು ಸಾಕಷ್ಟೇ ಬೀಳುತ್ತದೆ. ನಿಮ್ಮ ಮನೆಯಲ್ಲಿ ಅಡುಗೆಗೆ ಬರೀ ಹರಳುಪ್ಪೋ ಸೈಂಧವ ಲವಣವೋ ಬಳಸುತ್ತಿದ್ದರೆ ಮಾತ್ರ ಪೊಟ್ಟಣ ತಿರುಗಿಸಿ ನೋಡಿ. ಅಯೋಡಿನ್ ಸೇರಿಸಿದ್ದು ಎಂದು ಬರೆದಿರದಿದ್ದರೆ ಅದನ್ನು ಉಪ್ಪಿನಕಾಯಿಗೆ ಇಟ್ಟುಕೊಂಡು ದಿನದ ಅಡುಗೆಗೆ ಬೇರೆ ತನ್ನಿ. ಕ್ಯಾಪ್ಸೂಲಿಗೆ ಕೊಡುವ ದುಡ್ಡಿನಲ್ಲಿ ವರ್ಷದ ಉಪ್ಪು ಬರುತ್ತದೆ.

ಕಿಡ್ನಿ ತೊಂದರೆ ಇರುವವರೂ ಕಡಲಪಾಚಿಯ ಪುಡಿಯಿಂದ ದೂರವಿರಬೇಕು, ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ರಕ್ತ ಹೆಪ್ಪುಗಟ್ಟದಿರಲಿ ಎಂದು ವಾರ್ಫರಿನ್ ಅಥವಾ ಅಸೆನೊಕೌಮರಾಲ್ ತೆಗೆದುಕೊಳ್ಳುವವರೂ ಅಷ್ಟೇ. ಪಾಚಿಯಲ್ಲಿರುವ ವಿಟಮಿನ್ ಕೆ ಆ ಮಾತ್ರೆಯ ಕೆಲಸ ಕೆಡಿಸುತ್ತದೆ.

ಉಳಿದ ಕ್ಯಾಪ್ಸೂಲು ಕರಿಬೇವಿಗೆ? ಹಾಕಿ, ಧಾರಾಳವಾಗಿ. ಬಿಚ್ಚಿ ಪುಡಿ ಉದುರಿಸಿ, ಒಂದು ಬಕೆಟ್ ನೀರಿನಲ್ಲಿ ಕದಡಿ ಬುಡಕ್ಕೆ ಹುಯ್ಯಿರಿ. 40 ಕ್ಯಾಪ್ಸೂಲು ಉಳಿದಿದ್ದರೂ ಪುಡಿ 20 ಗ್ರಾಂ ಅಷ್ಟೇ. ಗಿಡಕ್ಕೆ ಅದರಿಂದ ಕೆಡುಕಿಲ್ಲ, ದೊಡ್ಡ ಲಾಭವೂ ಇಲ್ಲ. ನಿಮ್ಮ ಹೊಟ್ಟೆಗಿಂತ ಅಲ್ಲಿರುವುದು ಮೇಲು.

ಒಬ್ಬ ತಾಯಿ, ಹುಮನಾಬಾದ್: ನನ್ನ ಮಗಳು ಹೈದರಾಬಾದಿನಲ್ಲಿದ್ದಾಳೆ, ಈಗ ನಾಲ್ಕು ತಿಂಗಳ ಬಸುರಿ. ‘ಸೀ ಮಾಸ್’ ಅನ್ನೋ ಜೆಲ್ ತರಿಸಿ ದಿನಾ ಎರಡು ಚಮಚೆ ತಿನ್ನುತ್ತಾಳೆ. ಕೂಸಿಗೆ ಒಳ್ಳೆಯದಂತೆ. ನಾನು ಬೇಡ ಅಂದರೆ ಹಳೇ ಕಾಲದವಳು ಅಂತಾಳೆ. ನೀವೇ ಹೇಳಿ.

ಅವ್ವಾರೆ, ನೀವು ಬೇಡ ಎಂದದ್ದು ಸರಿಯಾಗಿದೆ. ಈ ಪುಟ ಮಗಳಿಗೆ ಓದಿ ಹೇಳಿ.

ಬಸುರಿಯಲ್ಲಿ ಅಯೋಡಿನ್ ಸ್ವಲ್ಪ ಹೆಚ್ಚು ಬೇಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 250 ಮೈಕ್ರೊಗ್ರಾಂ. ಆದರೆ ಹೆಚ್ಚು ಎಂದರೆ ಬೇಕಾದಷ್ಟು ಎಂದಲ್ಲ. ಸುಮಾರು ಮೂರು ತಿಂಗಳಿಗೆ ಹೊಟ್ಟೆಯೊಳಗಿನ ಕೂಸಿನ ಥೈರಾಯ್ಡ್ ಅಯೋಡಿನ್ ಹೀರಲು ಶುರು ಮಾಡುತ್ತದೆ, ಆದರೆ ಹೆಚ್ಚಾದದ್ದನ್ನು ತಡೆದುಕೊಳ್ಳುವ ಶಕ್ತಿ ಅದಕ್ಕೆ ಬರುವುದು ಬಸುರಿಯ ಕೊನೆಯ ವಾರಗಳಲ್ಲಿ. ಮೇಲಿನ ಪತ್ರದಲ್ಲಿ ಹೇಳಿದ ಹಾಗೆ ಗ್ರಂಥಿ ಕೆಲಸ ನಿಲ್ಲಿಸಿತೆಂದರೆ ಕೂಸಿಗೆ ಅದು ತಾನಾಗಿ ಸರಿಯಾಗುವುದು ಕಷ್ಟ. ಮಿದುಳು ಬೆಳೆಯುವ ಕಾಲ ಅದು. ಕಡಲಪಾಚಿ ದಿನದ ಊಟವೇ ಆಗಿರುವ ಜಪಾನ್, ಕೊರಿಯಾಗಳಲ್ಲೂ ತಾಯಂದಿರು ಬಸುರಿ ಬಾಣಂತನದಲ್ಲಿ ಅತಿಯಾಗಿ ತಿಂದು ಕೂಸಿನ ಥೈರಾಯ್ಡ್ ಕುಗ್ಗಿದ ಪ್ರಕರಣಗಳನ್ನು ಅಲ್ಲಿನ ವೈದ್ಯರೇ ದಾಖಲಿಸಿದ್ದಾರೆ.

ಸೀ ಮಾಸ್ ಕೆಂಪು ಜಾತಿಯ ಪಾಚಿ. ಕೆಲ್ಪ್‌ನಷ್ಟು ಅಯೋಡಿನ್ ಸಾಮಾನ್ಯವಾಗಿ ಅದರಲ್ಲಿ ಇರುವುದಿಲ್ಲ ಎಂದು ಮಗಳು ವಾದಿಸಿದರೆ ಆ ಮಾತು ಸುಳ್ಳಲ್ಲ. ಆದರೆ ನೆನೆಸಿ ರುಬ್ಬಿದ ಜೆಲ್ಲಿನ ಒಂದು ಚಮಚೆಯಲ್ಲಿ ಎಷ್ಟಿದೆ ಎಂದು ಮಾರಿದವರೂ ಹೇಳಿಲ್ಲ, ತಿನ್ನುವವಳಿಗೂ ಗೊತ್ತಿಲ್ಲ. ಬಸುರಿಯ ಮೈಯಲ್ಲಿ ಅಂದಾಜಿನ ಆಟ ಬೇಡ. ಡಾಕ್ಟರ್ ಕೊಟ್ಟ ಮಾತ್ರೆ, ಅಯೋಡಿನ್ ಉಪ್ಪು, ಹಾಲು, ಮೊಟ್ಟೆ ತಿನ್ನುವವರಾದರೆ ಮೊಟ್ಟೆ, ಇಷ್ಟು ನಡೆಯಲಿ. ಜೆಲ್ ತಿಂದ ವಿಷಯ ಹೆರಿಗೆ ಡಾಕ್ಟರಿಗೂ ಗೊತ್ತಿರಲಿ. ಕೂಸು ಹುಟ್ಟಿ ಎರಡು ಮೂರು ದಿನಗಳಾದ ಮೇಲೆ ಹಿಮ್ಮಡಿಗೆ ಚುಚ್ಚಿ ಒಂದು ಹನಿ ರಕ್ತ ತೆಗೆದು ಥೈರಾಯ್ಡ್ ಪರೀಕ್ಷೆ ಮಾಡುವುದುಂಟು. ಅದನ್ನು ತಪ್ಪಿಸಬೇಡಿ. ಇದು ಜೆಲ್ ತಿನ್ನದ ತಾಯಂದಿರಿಗೂ ಹೇಳುವ ಮಾತು.

ನಿವೃತ್ತ ಬ್ಯಾಂಕ್ ನೌಕರರು, ಕಲಬುರಗಿ: ಮಾಳಿಗೆ ಮೇಲೆ ಮೆಂತ್ಯ, ಪಾಲಕ್, ಕೊತ್ತಂಬರಿ, ಪುಂಡಿಪಲ್ಯ, ಬದನೆ ಬೆಳೆಸಿದ್ದೇನೆ. ಕಡಲಪಾಚಿ ದ್ರವವನ್ನು ಎಲೆಗೆ ಸಿಂಪಡಿಸುತ್ತಿದ್ದೇನೆ. ನಿಮ್ಮ ಅಂಕಣದಲ್ಲಿ ಹಿಂದೊಮ್ಮೆ ಆರ್ಸೆನಿಕ್ ಎಂಬ ವಿಷದ ಬಗ್ಗೆ ಬರೆದಿದ್ದಿರಿ. ಸೊಪ್ಪಿನ ಮೂಲಕ ಮೊಮ್ಮಕ್ಕಳ ಹೊಟ್ಟೆಗೆ ಅದು ಸೇರುತ್ತದೆಯೇ? ಇನ್ನೊಂದು: ಬೋರಿನ ನೀರಿನಲ್ಲಿ ಕಲಸಿದರೆ ಸ್ಪ್ರೇ ಡಬ್ಬಿಯ ಬಾಯಿ ಕಟ್ಟಿಕೊಳ್ಳುತ್ತದೆ. ಮಾಲು ನಕಲಿಯೇ?

ಸಾರ್, ಎರಡನೆಯದನ್ನು ಮೊದಲು ಹೇಳುತ್ತೇನೆ, ನನಗೆ ಬಹಳ ಇಷ್ಟದ ರಸಾಯನಶಾಸ್ತ್ರ ಅದರಲ್ಲಿದೆ. ಕಂದು ಜಾತಿಯ ಕಡಲಪಾಚಿಯಲ್ಲಿ ಆಲ್ಜಿನೇಟ್ ಎಂಬ ಅಂಟು ಪದಾರ್ಥವಿರುತ್ತದೆ. ಅದಕ್ಕೆ ಕ್ಯಾಲ್ಸಿಯಂ ತಾಗಿದರೆ ಕೂಡಲೇ ಗಟ್ಟಿಯಾಗಿ ಲೋಳೆಯ ಎಳೆಯಾಗುತ್ತದೆ. ನಮ್ಮ ಬೋರಿನ ನೀರೆಂದರೆ ಕ್ಯಾಲ್ಸಿಯಂ ತುಂಬಿದ ನೀರು, ಗೀಸರ್ ಬಿಚ್ಚಿಸಿದವರಿಗೆಲ್ಲ ಗೊತ್ತು. ಒಂದು ಗಾಜಿನ ಲೋಟದಲ್ಲಿ ಬೋರಿನ ನೀರು ತುಂಬಿ, ಬೆಳಕಿಗೆ ಹಿಡಿದು, ನಾಲ್ಕು ಹನಿ ದ್ರವ ಬಿಡಿ. ಹನಿ ಇಳಿಯುತ್ತಾ ಹೋದ ಹಾಗೆ ಹಿಂದೆ ಕಂದು ಬಣ್ಣದ ಬಾಲ ಉಳಿಯುತ್ತದೆ. ಸ್ವಲ್ಪ ಹೊತ್ತಿಗೆ ಆ ಬಾಲ ನೂಲಿನ ಚೂರುಗಳಾಗಿ ತಳಕ್ಕೆ ಕೂರುತ್ತದೆ. ಸ್ಪ್ರೇ ಬಾಯಿಗೆ ಸಿಕ್ಕಿಕೊಳ್ಳುವುದು ಇವೇ. ಅಂದರೆ ಇದೊಂದೇ ಕಾರಣಕ್ಕೆ ನಿಮ್ಮ ಮಾಲು ನಕಲಿ ಎನ್ನುವಂತಿಲ್ಲ, ಆಲ್ಜಿನೇಟ್ ಅದರಲ್ಲಿದೆ ಎಂಬುದಕ್ಕೆ ಅದು ಸುಳಿವೂ ಆಗಬಹುದು. ಹಿಡಿದಿಟ್ಟ ಮಳೆ ನೀರಿನಲ್ಲೋ ಎಸಿಯಿಂದ ಸೋರುವ ನೀರಿನಲ್ಲೋ ಕಲಸಿ, ಹಳೆಯ ಪಂಚೆಯಲ್ಲಿ ಸೋಸಿ ತುಂಬಿ. ಕುಡಿಯುವ ನೀರಿನ ಯಂತ್ರ ಹೊರಗೆ ಚೆಲ್ಲುವ ನೀರು ಮಾತ್ರ ಬೇಡ, ಬೋರಿನ ನೀರಿನ ಲವಣವೆಲ್ಲ ಅದರಲ್ಲೇ ಇನ್ನಷ್ಟು ದಟ್ಟವಾಗಿ ಸೇರಿರುತ್ತದೆ.

ಇನ್ನು ಆರ್ಸೆನಿಕ್. ನಿಮ್ಮ ಆತಂಕ ಸಣ್ಣದಲ್ಲ, ಅದಕ್ಕೇ ಲೆಕ್ಕ ಸಮೇತ ಹೇಳುತ್ತೇನೆ. ಕಡಲಪಾಚಿ ಸಮುದ್ರದ ನೀರಿನಿಂದ ಆರ್ಸೆನಿಕ್ ಹೀರಿಕೊಳ್ಳುತ್ತದೆ ನಿಜ. ಬಹುತೇಕ ಜಾತಿಗಳಲ್ಲಿ ಅದು ಸಕ್ಕರೆಯ ಅಣುವಿಗೆ ಕೂಡಿಕೊಂಡು, ವಿಷದ ಅಂಶ ಕಡಿಮೆಯಾದ ರೂಪದಲ್ಲಿರುತ್ತದೆ. ಕೆಟ್ಟದ್ದು ಹಾಗೆ ಕೂಡಿಕೊಳ್ಳದ ಅಜೈವಿಕ ಆರ್ಸೆನಿಕ್. ಅದು ಹೆಚ್ಚಾಗಿರುವುದು ‘ಹಿಜಿಕಿ’ ಎಂಬ ಕಪ್ಪು ಪಾಚಿಯಲ್ಲಿ. ಕೆನಡಾ 2001ರಲ್ಲಿ, ಬ್ರಿಟನ್ 2004ರಲ್ಲಿ ಅದನ್ನು ತಿನ್ನಬೇಡಿ ಎಂದು ತಮ್ಮ ಜನರಿಗೆ ಹೇಳಿದವು. ಕುಂಡದ ಲೆಕ್ಕಕ್ಕೆ ಬನ್ನಿ. ಒಣ ಪಾಚಿ ಪುಡಿಯ ಕಿಲೋಗೆ 40 ಮಿಲಿಗ್ರಾಂ ಆರ್ಸೆನಿಕ್ ಇದೆ ಎಂದುಕೊಳ್ಳಿ, ಎಲ್ಲ ರೂಪ ಸೇರಿ. ಅದನ್ನು 50 ಗ್ರಾಂ ತೆಗೆದು 20 ಕಿಲೋ ಮಣ್ಣಿನ ಕುಂಡಕ್ಕೆ ಹಾಕಿದರೆ ಮಣ್ಣಿಗೆ ಸೇರಿದ್ದು ಕಿಲೋಗೆ 0.1 ಮಿಲಿಗ್ರಾಂ. ಯಾರೂ ಏನೂ ಹಾಕದ ಮಣ್ಣಿನಲ್ಲೇ ಸರಾಸರಿ ಕಿಲೋಗೆ ಸುಮಾರು 5 ಮಿಲಿಗ್ರಾಂ ಇರುತ್ತದೆ. ನೀವು ಸಿಂಪಡಿಸುವುದು ಲೀಟರ್ ನೀರಿಗೆ ಕೆಲವೇ ಮಿಲಿ ದ್ರವ, ಅದರ ಲೆಕ್ಕ ಇನ್ನೂ ಎಷ್ಟೋ ಕೆಳಗೆ. ಮೊಮ್ಮಕ್ಕಳಿಗೆ ನಿಶ್ಚಿಂತೆಯಿಂದ ಮೆಂತ್ಯ ಪಲ್ಯ ಬಡಿಸಿ. ಸಿಂಪಡಿಸಿದ ಮೇಲೆ ಮೂರ್ನಾಲ್ಕು ದಿನ ಬಿಟ್ಟು ಕೊಯ್ಯಿರಿ, ಎರಡು ನೀರಿನಲ್ಲಿ ತೊಳೆಯಿರಿ. ಸೊಪ್ಪಿನಲ್ಲಿ ಅಯೋಡಿನ್ ತುಸು ಏರಬಹುದು, ಊಟಕ್ಕೆ ಅದು ಲೆಕ್ಕಕ್ಕಿಲ್ಲ. ಆದರೆ ಒಣ ಪುಡಿಯನ್ನು ವಾರ ವಾರ ಹಿಡಿಗಟ್ಟಲೆ ಸುರಿಯುವ ರೂಢಿ ಮಾಡಬೇಡಿ. ಲೋಹ ಮಣ್ಣಿನಿಂದ ಆವಿಯಾಗಿ ಹೋಗುವುದಿಲ್ಲ, ಕೂಡಿಕೊಳ್ಳುತ್ತಲೇ ಇರುತ್ತದೆ.

ಕೊಳ್ಳುವಾಗ ಡಬ್ಬಿಯ ಮೇಲೆ ತಯಾರಕರ ವಿಳಾಸ, ಬ್ಯಾಚ್ ಸಂಖ್ಯೆ, ಏನೇನಿದೆ ಎಂಬ ವಿವರ, ಅವಧಿ ಇವೆಯೇ ನೋಡಿ. 2021ರಲ್ಲಿ ಕೇಂದ್ರ ಸರ್ಕಾರ ರಸಗೊಬ್ಬರ ನಿಯಂತ್ರಣ ಆದೇಶಕ್ಕೆ ತಿದ್ದುಪಡಿ ತಂದು ಬೆಳೆ ಪ್ರಚೋದಕಗಳನ್ನೂ ಅದರಡಿ ಸೇರಿಸಿತು. ಕಡಲಪಾಚಿ ಸಾರ ಆ ಗುಂಪಿಗೆ ಸೇರುತ್ತದೆ. ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್‌ಗೆ ಅಲ್ಲಿ ಮಿತಿ ಇದೆ. ಚೀಟಿಯೇ ಇಲ್ಲದ ಬಾಟಲಿಯ ಕಪ್ಪು ನೀರಿಗೆ ಯಾವ ಮಿತಿಯೂ ಇಲ್ಲ.

ನಿಮ್ಮ ಪತ್ರದ ಕೊನೆಯ ಸಾಲು ಓದಿ ನನಗೆ ಗಾಬರಿಯಾಯಿತು. ಉಳಿದ ದ್ರವವನ್ನು ತಂಪು ಪಾನೀಯದ ಬಾಟಲಿಯಲ್ಲಿ ತುಂಬಿ ಮೆಟ್ಟಿಲ ಕೆಳಗೆ ಇಟ್ಟಿದ್ದೇನೆ ಎಂದಿದ್ದೀರಿ. ಈ ಪತ್ರಿಕೆ ಕೆಳಗಿಟ್ಟು ಮೊದಲು ಅದನ್ನು ತೆಗೆಯಿರಿ. ಬಣ್ಣ ನೋಡಿದರೆ ಮಕ್ಕಳಿಗೆ ಕೋಲಾ ಎನಿಸುತ್ತದೆ. ಇಂಥ ದ್ರವವನ್ನು ಬಹಳ ಕಡೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ ಹಾಕಿ ಬೇಯಿಸಿ ತೆಗೆಯುತ್ತಾರೆ, ಕೆಡದಿರಲಿ ಎಂದು ಬೇರೆ ರಾಸಾಯನಿಕವನ್ನೂ ಸೇರಿಸಿರಬಹುದು. ಸಾವಯವ ಎಂದು ಬರೆದಿದ್ದರೂ ಅದು ಕುಡಿಯುವ ವಸ್ತುವಲ್ಲ. ಬಂದ ಡಬ್ಬಿಯಲ್ಲೇ, ಚೀಟಿ ಸಮೇತ, ಬೀಗದೊಳಗೆ ಇರಲಿ.

ರೈತರು, ಶಹಾಪುರ ತಾಲ್ಲೂಕು: ನಮ್ಮದು ಕಾಲುವೆ ಕೆಳಗಿನ ಎರಿ ಹೊಲ. ಮೊದಲು ಜೋಳ, ಹತ್ತಿ ಬೆಳಿತಿದ್ದೆವು, ಈಗ ಭತ್ತ. ಒಂದು ಮೂಲಿಯೊಳಗ ಬ್ಯಾಸಗಿಗೆ ನೆಲ ಬೆಳ್ಳಗಾಗತದ, ಅಲ್ಲಿ ಬೀಜ ಏಳಂಗಿಲ್ಲ. ಅಂಗಡಿಯವರು ಸಮುದ್ರದ ಒಣ ಪಾಚಿ ಗೊಬ್ಬರ ಎಕರೆಗೆ ನಾಲ್ಕು ಚೀಲ ಹಾಕಿದರೆ ನೆಲ ಸುಧಾರಿಸ್ತದ ಅಂತಾರ. ಹಾಕಬಹುದೇನ್ರಿ?

ಅಣ್ಣಾರೆ, ಹಾಕಬೇಡಿ. ಅದರಲ್ಲೂ ಆ ಬಿಳಿಯಾದ ಮೂಲೆಗೆ ಒಂದು ಬೊಗಸೆಯೂ ಬೇಡ.

ನಿಮ್ಮ ನೆಲ ಬೆಳ್ಳಗಾಗುವುದು ಸವಳಿನಿಂದ. ನಾರಾಯಣಪುರದ ಎಡದಂಡೆ ಕಾಲುವೆ ಬಂದ ಮೇಲೆ ಸುರಪುರ, ಶಹಾಪುರದ ಎಷ್ಟೋ ಹೊಲಗಳಲ್ಲಿ ಇದು ಆಗಿದೆ. ಎರೆ ಮಣ್ಣು ನೀರು ಹಿಡಿಯುತ್ತದೆ, ಕೆಳಗೆ ಬಿಡುವುದಿಲ್ಲ. ಭತ್ತಕ್ಕೆ ನಿಲ್ಲಿಸಿದ ನೀರು ಹೋಗಲು ದಾರಿ ಇಲ್ಲದೆ ಅಂತರ್ಜಲ ಮೇಲೇರುತ್ತದೆ. ಬಿಸಿಲಿಗೆ ನೀರು ಆವಿಯಾಗಿ ಹೋಗುತ್ತದೆ, ಅದರಲ್ಲಿ ಕರಗಿದ್ದ ಉಪ್ಪು ಮೇಲೆ ಉಳಿಯುತ್ತದೆ. ಹಬ್ಬಕ್ಕೆ ಕಾಯಿಸಿದ ಹಾಲಿನ ಪಾತ್ರೆಯ ಅಂಚಿಗೆ ಕೆನೆ ಕಟ್ಟಿದ ಹಾಗೆ ಪದರ ಪದರವಾಗಿ ಕೂರುತ್ತದೆ. ಅಲ್ಲಿಗೆ ನೀವು ಸಮುದ್ರದ ಗಿಡವನ್ನು ತಂದು ಹಾಕಿದರೆ ಉಪ್ಪಿಗೆ ಉಪ್ಪು ಕೂಡಿಸಿದ ಹಾಗೆ. ಒಣಗಿದ ಕಡಲಪಾಚಿಯ ತೂಕದಲ್ಲಿ ಐದನೇ ಒಂದು ಪಾಲಿಗಿಂತ ಹೆಚ್ಚು ಖನಿಜ ಲವಣವೇ ಇರುವುದು ಸಾಮಾನ್ಯ, ತೊಳೆಯದೆ ಒಣಗಿಸಿದ್ದಾದರೆ ಇನ್ನೂ ಹೆಚ್ಚು. ಅದರಲ್ಲಿನ ಪೊಟ್ಯಾಸಿಯಂ ಬೆಳೆಗೆ ಬೇಕು, ಸೋಡಿಯಂ ಮತ್ತು ಕ್ಲೋರೈಡ್ ಬೇಡ. ಸೋಡಿಯಂ ಹೆಚ್ಚಾದರೆ ಎರೆ ಮಣ್ಣಿನ ಕಣ ಬಿಡಿ ಬಿಡಿಯಾಗಿ ತೇಲಿ ರಂಧ್ರ ಮುಚ್ಚಿಕೊಳ್ಳುತ್ತದೆ. ಮಳೆ ಬಂದರೆ ಗಿಲಾವು, ಒಣಗಿದರೆ ಕಲ್ಲು.

ಐರ್ಲೆಂಡಿನ ಅರಾನ್ ದ್ವೀಪಗಳಲ್ಲಿ ಬರೀ ಬಂಡೆಯ ಮೇಲೆ ಮರಳು, ಕಡಲಪಾಚಿ ಹರಡಿ ಜನ ತಲೆತಲಾಂತರದಿಂದ ಹೊಲವನ್ನೇ ಮಾಡಿಕೊಂಡರು. ಅಂಗಡಿಯವರು ಹೇಳುವ ಕಥೆಗೆ ಮೂಲ ಅಂಥದ್ದೇ ಇರಬೇಕು. ಅಲ್ಲಿ ಮಳೆ ಬಿಡದೆ ಬರುತ್ತದೆ, ಮರಳಿನಲ್ಲಿ ಉಪ್ಪು ತೊಳೆದು ಇಳಿದು ಹೋಗುತ್ತದೆ. ನಮ್ಮ ಕಡೆ ಮಳೆ ಅದಕ್ಕಿಂತ ಕಡಿಮೆ, ಬಿಸಿಲು ಅದಕ್ಕಿಂತ ಎಷ್ಟೋ ಪಟ್ಟು, ಮಣ್ಣು ಜಿಗುಟು. ಅವರ ಹೊಲದ ಬುದ್ಧಿ ನಮ್ಮ ಹೊಲಕ್ಕೆ ಹೊಂದುವುದಿಲ್ಲ.

ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಬಿಳಿಯಾದ ಮೂಲೆಯ ಮಣ್ಣು ಬೇರೆ ಚೀಲ, ಚೆನ್ನಾಗಿ ಬೆಳೆಯುವ ಕಡೆಯದು ಬೇರೆ ಚೀಲ. ಒಂದೊಂದು ಕಡೆಯೂ ಏಳೆಂಟು ಜಾಗದಲ್ಲಿ ಗೇಣುದ್ದ ಗುಂಡಿ ತೆಗೆದು, ಗೋಡೆಯಿಂದ ಮೇಲಿನಿಂದ ಕೆಳಗಿನವರೆಗೆ ಒಂದೇ ಸಮನಾಗಿ ಕೆತ್ತಿ, ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕಿಲೋ ಒಯ್ಯಿರಿ. ನಿಮಗೆ ಭೀಮರಾಯನಗುಡಿಯ ಕೃಷಿ ಕಾಲೇಜು ಹತ್ತಿರವೇ ಇದೆ, ರೈತ ಸಂಪರ್ಕ ಕೇಂದ್ರದಲ್ಲೂ ವಿಚಾರಿಸಿ. ವರದಿಯಲ್ಲಿ ಎರಡು ವಿಷಯ ಕೇಳಿ ತಿಳಿದುಕೊಳ್ಳಿ: ಕರಗುವ ಲವಣ ಎಷ್ಟು, ಸೋಡಿಯಂ ಎಷ್ಟು. ಸೋಡಿಯಂ ಹೆಚ್ಚಾಗಿದ್ದರೆ ಜಿಪ್ಸಂ ಕೆಲಸ ಮಾಡುತ್ತದೆ, ಎಷ್ಟು ಹಾಕಬೇಕೆಂದು ಅವರೇ ಲೆಕ್ಕ ಕೊಡುತ್ತಾರೆ. ಬರೀ ಲವಣವಾದರೆ ಜಿಪ್ಸಂ ಹಾಕಿ ದುಡ್ಡು ಕಳೆಯಬೇಡಿ. ಬಸಿಗಾಲುವೆ ತೆಗೆದು, ಒಳ್ಳೆಯ ನೀರು ಕೊಟ್ಟು ಉಪ್ಪನ್ನು ತೊಳೆದು ಹೊರಗೆ ಕಳಿಸಬೇಕು. ಎರಡಕ್ಕೂ ನೀರು ಹೊರಹೋಗುವ ದಾರಿ ಇರಲೇಬೇಕು. ಸವಳು ತಡೆಯುವ ಡಯಾಂಚ ಎಂಬ ಹಸಿರು ಗೊಬ್ಬರದ ಗಿಡ ಬಿತ್ತಿ ಹೂ ಬರುವ ಮುಂಚೆ ಮಣ್ಣಿಗೆ ಸೇರಿಸಿದರೆ ನೆಲ ಸಡಿಲವಾಗುತ್ತದೆ. ನಾಲ್ಕು ಚೀಲದ ದುಡ್ಡನ್ನು ಬಸಿಗಾಲುವೆಗೆ ಹಾಕಿ.

ಒಳ್ಳೆಯ ನೆಲದ ಬೆಳೆಗೆ ಕಡಲಪಾಚಿ ದ್ರವ ಸಿಂಪಡಿಸುವುದು ಬೇರೆ ಮಾತು. ಅದರಿಂದ ಮಣ್ಣಿಗೆ ಸೇರುವ ಉಪ್ಪು ನಗಣ್ಯ. ಭಾವನಗರದ ಕೇಂದ್ರೀಯ ಉಪ್ಪು ಮತ್ತು ಕಡಲ ರಾಸಾಯನಿಕ ಸಂಶೋಧನಾ ಸಂಸ್ಥೆಯವರು ಕಪ್ಪಾಫೈಕಸ್ ಎಂಬ ಕೆಂಪು ಪಾಚಿಯ ರಸ ಹಿಂಡಿ ಬೆಳೆಗಳ ಮೇಲೆ ಪ್ರಯೋಗ ಮಾಡಿದ್ದಾರೆ. ರಸಗೊಬ್ಬರದ ಸಹಕಾರಿ ಸಂಸ್ಥೆ ಇಫ್ಕೋದವರ ಸಾಗರಿಕಾ ಕೂಡ ಕಡಲಪಾಚಿಯದೇ. ಇವುಗಳಲ್ಲಿ ಬೇರು, ಚಿಗುರು ಬೆಳೆಸುವ ಹಾರ್ಮೋನುಗಳು ಅತಿ ಸಣ್ಣ ಪ್ರಮಾಣದಲ್ಲಿರುತ್ತವೆ. ಸಾರಜನಕ, ರಂಜಕ ಮಾತ್ರ ನಾಮಕಾವಸ್ತೆಗೆ. ತಿಪ್ಪೆ ಗೊಬ್ಬರ, ಯೂರಿಯಾ, ಡಿಎಪಿಯ ಜಾಗವನ್ನು ಈ ದ್ರವ ತುಂಬುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮೊದಲ ವರ್ಷ ನಾಲ್ಕು ಸಾಲಿಗೆ ಸಿಂಪಡಿಸಿ, ಪಕ್ಕದ ನಾಲ್ಕು ಸಾಲು ಹಾಗೇ ಬಿಟ್ಟು, ಇಳುವರಿ ಬೇರೆ ಬೇರೆ ತೂಗಿ ನೋಡಿ. ಅಂಗಡಿಯವರ ಮಾತಿಗಿಂತ ನಿಮ್ಮ ತಕ್ಕಡಿ ಹೇಳುವುದು ಸತ್ಯ.

ಕಾಲೇಜು ವಿದ್ಯಾರ್ಥಿ, ಸುರಪುರ ತಾಲ್ಲೂಕು: ನಮ್ಮ ಭಾಗದಲ್ಲಿ ಮೊದಲು ಬೋರಿನ ನೀರಿನಲ್ಲೇ ಆರ್ಸೆನಿಕ್ ಇತ್ತು. ಅಜ್ಜನ ಅಂಗೈಯಲ್ಲಿ ಈಗಲೂ ಗಂಟುಗಳಿವೆ. ಅವರಿಗೆ ಶಕ್ತಿ ಬರಲಿ ಎಂದು ಕಡಲಪಾಚಿ ಮಾತ್ರೆ ಕೊಡಬಹುದೇ?

ತಮ್ಮಾ, ಬೇಡವೇ ಬೇಡ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಜನ ಆರ್ಸೆನಿಕ್ ನೀರು ಕುಡಿದು ಪಟ್ಟ ಪಾಡು ಈ ಭಾಗದವರಿಗೆಲ್ಲ ಗೊತ್ತು. ಅದೇ ಭಾಗದ ಮಂಗಳೂರು ಗ್ರಾಮದ (ಕರಾವಳಿಯ ನಗರವಲ್ಲ) ಸುತ್ತಲಿನ ಚಿನ್ನದ ಅದಿರಿನ ಬಂಡೆಯಲ್ಲೇ ಆ ಅಂಶವಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 10 ಮೈಕ್ರೊಗ್ರಾಂ ದಾಟಬಾರದು ಎನ್ನುವುದು ಒಪ್ಪಿತ ಮಿತಿ. ಇಷ್ಟು ವರ್ಷ ಅದನ್ನು ಮೈಯಲ್ಲಿ ತಡೆದುಕೊಂಡವರಿಗೆ, ಎಷ್ಟಿದೆ ಎಂದು ಬರೆದಿರದ ಇನ್ನೊಂದು ಮೂಲವನ್ನು ನಾವಾಗಿ ಕೊಡಬಾರದು. ಅಂಗೈ, ಅಂಗಾಲಿನ ಗಂಟು ಒಡೆದರೆ, ದೊಡ್ಡದಾದರೆ, ಹುಣ್ಣಾಗಿ ಮಾಯದಿದ್ದರೆ ತಡಮಾಡದೆ ಚರ್ಮದ ಡಾಕ್ಟರಿಗೆ ತೋರಿಸಿ, ಅದು ಕ್ಯಾನ್ಸರಿಗೆ ತಿರುಗುವುದುಂಟು. ಅಜ್ಜನಿಗೆ ಶಕ್ತಿಗೆ ಹಾಲು, ಬೇಳೆ, ಶೇಂಗಾ ಕೊಡಿ. ಈಗ ಕುಡಿಯುವ ನೀರು ಯಾವ ಮೂಲದ್ದು, ಪರೀಕ್ಷೆಯಾಗಿದೆಯೇ ಎಂದು ಗ್ರಾಮ ಪಂಚಾಯಿತಿಯಲ್ಲಿ ಲಿಖಿತವಾಗಿ ಕೇಳಿ. ಓದುತ್ತಿರುವ ಹುಡುಗ, ಆ ಅರ್ಜಿ ನೀನೇ ಬರೆಯಬಹುದು.

ಗೃಹಿಣಿ, ಬೀದರ್: ರಂಜಾನಿನಲ್ಲಿ ನಮ್ಮ ಮನೆಯಲ್ಲಿ ಹಾಲಿಗೆ ಚೈನಾ ಗ್ರಾಸ್ ಹಾಕಿ ಸಿಹಿ ಮಾಡುತ್ತೇವೆ. ಅದೂ ಕಡಲಪಾಚಿಯಂತೆ. ನನಗೆ ಥೈರಾಯ್ಡ್ ಇದೆ, ತಿನ್ನಬಾರದೇ?

ಆರಾಮವಾಗಿ ತಿನ್ನಿ. ಚೈನಾ ಗ್ರಾಸ್ ಕೆಂಪು ಪಾಚಿಯನ್ನು ಬೇಯಿಸಿ, ಸೋಸಿ, ತೊಳೆದು ತೆಗೆದ ಅಂಟು. ಆ ಹೊತ್ತಿಗೆ ಅಯೋಡಿನ್ನಿನ ಬಹುಪಾಲು ನೀರಿನಲ್ಲಿ ಹೋಗಿರುತ್ತದೆ. ಒಂದು ಬಟ್ಟಲು ಸಿಹಿಗೆ ಬೀಳುವುದೂ ಒಂದೆರಡು ಗ್ರಾಂ. ಐಸ್‌ಕ್ರೀಮಿನ ಪೊಟ್ಟಣದ ಮೇಲೆ 406 ಅಥವಾ 407 ಎಂದಿದ್ದರೆ ಅವೂ ಪಾಚಿಯ ಅಂಟುಗಳೇ, ಥೈರಾಯ್ಡಿಗೆ ಅವುಗಳಿಂದ ತೊಂದರೆಯಿಲ್ಲ. ಸಹರಿ, ಅಂದರೆ ಉಪವಾಸಕ್ಕೆ ಮುಂಚಿನ ನಸುಕಿನ ಊಟದ ಹೊತ್ತಿಗೆ ಥೈರಾಯ್ಡ್ ಮಾತ್ರೆ ಹೇಗೆ ಹೊಂದಿಸಿಕೊಳ್ಳುವುದು ಎಂದು ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಅದು ಖಾಲಿ ಹೊಟ್ಟೆಗೆ ಹೋಗಬೇಕು, ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳಿಗೂ ಅದಕ್ಕೂ ನಾಲ್ಕು ತಾಸು ಅಂತರವಿರಬೇಕು.

ಯುವ ರೈತ, ಆಳಂದ ತಾಲ್ಲೂಕು: ತೊಗರಿಗೆ ಕಡಲಪಾಚಿ ಹೊಡೆದರೆ ನೆಟೆ ರೋಗ ನಿಲ್ಲುತ್ತದೆಯೇ? ಹೂ ಉದುರುವುದು?

ನೆಟೆ ರೋಗ ನಿಲ್ಲುವುದಿಲ್ಲ. ಅದು ಮಣ್ಣಿನೊಳಗಿನ ಶಿಲೀಂಧ್ರ, ಬೇರಿನಿಂದ ಒಳಗೆ ಹೋಗಿ ನೀರು ಏರುವ ನಾಳವನ್ನೇ ಕಟ್ಟುತ್ತದೆ. ಎಲೆಗೆ ಏನು ಹೊಡೆದರೂ ಅಲ್ಲಿಗೆ ಮುಟ್ಟುವುದಿಲ್ಲ. ರೋಗ ತಡೆಯುವ ಟಿಎಸ್-3ಆರ್‌ನಂಥ ತಳಿ, ಟ್ರೈಕೊಡರ್ಮಾ ಎಂಬ ಉಪಕಾರಿ ಶಿಲೀಂಧ್ರದಿಂದ ಬೀಜೋಪಚಾರ, ಅದೇ ಹೊಲಕ್ಕೆ ಪ್ರತಿ ವರ್ಷ ತೊಗರಿಯನ್ನೇ ಹಾಕದೆ ನಡುವೆ ಜೋಳ ಹಾಕುವುದು, ಇವೇ ದಾರಿ. ಹೂ ಉದುರುವುದಕ್ಕೆ ರಾಯಚೂರು ಕೃಷಿ ವಿಶ್ವವಿದ್ಯಾಲಯದವರು ಬೇಳೆಕಾಳಿಗೆಂದೇ ತಯಾರಿಸಿದ ಪಲ್ಸ್ ಮ್ಯಾಜಿಕ್ ಎಂಬ ಪೋಷಕಾಂಶಗಳ ಮಿಶ್ರಣ ಇದೆ. ಹೂ ಬಿಡುವ ಹೊತ್ತಿಗೆ ಎಕರೆಗೆ ಎರಡು ಕಿಲೋ ಲೆಕ್ಕದಲ್ಲಿ ಸಿಂಪಡಿಸಲು ಹೇಳುತ್ತಾರೆ, ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ಅದರ ಜೊತೆಗೇ ಕಡಲಪಾಚಿ ದ್ರವವನ್ನೂ ಕೀಟನಾಶಕವನ್ನೂ ಒಂದೇ ಡ್ರಮ್ಮಿನಲ್ಲಿ ಬೆರೆಸಿ ಹೊಡೆಯುವುದನ್ನು ನಿಮ್ಮ ಕಡೆ ಕಂಡಿದ್ದೇನೆ. ಹಾಗೆ ಮಾಡಬೇಡಿ, ಒಂದಕ್ಕೊಂದು ಕೂಡಿ ಒಡೆದರೆ ಮೂರೂ ಹಾಳು. ಒಂದು ಸಿಂಪರಣೆಗೂ ಇನ್ನೊಂದಕ್ಕೂ ವಾರ ಬಿಡಿ.